ಎಂಬುವಿನ ಬದುಗಳಲ್ಲಿ ಗರಗಸದ ಪಾಠ

ನೈರೋಬಿಯಿಂದ ಈಶಾನ್ಯ ದಿಕ್ಕಿಗೆ ಹೊರಟ ಹೆದ್ದಾರಿ ಥೀಕಾ ಪಟ್ಟಣ ದಾಟುವವರೆಗೂ ನಗರದ ಗದ್ದಲವನ್ನು ಬೆನ್ನಿಗೆ ಕಟ್ಟಿಕೊಂಡೇ ಸಾಗುತ್ತದೆ. ಆಮೇಲೆ ಕಣ್ಣು ಹಾಯಿಸಿದಷ್ಟು ದೂರ ಅನಾನಸಿನ ತೋಟ. ಅದು ಮುಗಿದರೆ ಕುರುಚಲು ಗಿಡಗಳ ಒಣನೆಲ. ಮುಂದೆ ಮಕುಟಾನೊ ಎಂಬ ಕೂಡುರಸ್ತೆ. ಅಲ್ಲಿ ಬಲಕ್ಕೆ ಹೊರಳಿದ ಬಸ್ಸು ಇದ್ದಕ್ಕಿದ್ದಂತೆ ಬತ್ತದ ಗದ್ದೆಗಳ ನಡುವೆ ಓಡತೊಡಗುತ್ತದೆ. ಕಾಲುವೆ, ತೂಬು, ಕೆಸರಿನಲ್ಲಿ ಎತ್ತು, ಎತ್ತಿನ ಹಿಂದೆ ಬೆಳ್ಳಕ್ಕಿ. ಮಂಡ್ಯ, ಗಂಗಾವತಿ ಕಡೆಯವರು ಯಾರಾದರೂ ಕಿಟಕಿಯ ಬಳಿ ಕುಳಿತಿದ್ದರೆ ತಾವು ಆಫ್ರಿಕಕ್ಕೆ ಬಂದಿರುವುದೇ ಅರೆಗಳಿಗೆ ಮರೆತುಹೋಗಬೇಕು. ಇದು ಮ್ವೆಯಾ ನೀರಾವರಿ ಪ್ರದೇಶ. ಕೀನ್ಯಾ ದೇಶ ಬೆಳೆಯುವ ಅಕ್ಕಿಯಲ್ಲಿ ಬಹುಪಾಲು ಈ ಬಯಲಿನದೇ.

ಗದ್ದೆಬಯಲು ಹಿಂದೆ ಬಿದ್ದು ರಸ್ತೆ ಏರತೊಡಗಿದಂತೆ ಮಣ್ಣು ಕೆಂಪಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ನೈರೋಬಿಯಿಂದ ಸುಮಾರು 120 ಕಿ.ಮೀ. ಬಂದಾಗ ಸಿಗುವ ಊರಿನ ಹೆಸರು ಎಂಬು. ('ಎಂಬು ಎಂಬ ಊರು' ಎಂದು ಕನ್ನಡದಲ್ಲಿ ಬರೆಯುವಾಗ ಕೈ ಒಮ್ಮೆ ತಡವರಿಸುತ್ತದೆ, ಆದರೆ ಅದರ ಹೆಸರೇ ಅದು.) ಬೆಳಗಿನ ಜಾವ ಮೋಡವಿಲ್ಲದಿದ್ದರೆ ಊರಿನ ಹಿಂದೆ 5,199 ಮೀಟರ್ ಎತ್ತರದ ಕೀನ್ಯಾ ಪರ್ವತದ ಮೊನಚು ಶಿಖರಗಳು ಕಾಣುತ್ತವೆ. ಸಮಭಾಜಕ ವೃತ್ತದ ಮಗ್ಗುಲಲ್ಲೇ ಹಿಮ! ಆದರೆ ಈ ವೈಭವ ಹೆಚ್ಚು ಹೊತ್ತಿನದಲ್ಲ. ಬಿಸಿಲೇರುತ್ತಿದ್ದಂತೆ ಪರ್ವತ ಮೋಡದ ಮುಸುಕು ಹೊದ್ದುಬಿಡುತ್ತದೆ.

ಎಂಬುವಿನಿಂದ ರುನ್ಯೆಂಜೆಸ್, ಚುಕಾ ಮಾರ್ಗವಾಗಿ ಮೇರು ಕಡೆಗೆ ಹೋಗುವ ರಸ್ತೆ ಪರ್ವತದ ಪೂರ್ವದ ತಪ್ಪಲನ್ನು ಬಳಸಿಕೊಂಡು ಹೋಗುತ್ತದೆ. ಒಂದು ಹೊಳೆಕಣಿವೆಗೆ ಇಳಿಯುವುದು, ಮತ್ತೆ ಏರುವುದು; ಇನ್ನೊಂದಕ್ಕೆ ಇಳಿಯುವುದು, ಮತ್ತೆ ಏರುವುದು. ಈ ನೀರೆಲ್ಲ ಕೊನೆಗೆ ಸೇರುವುದು ದೇಶದ ಅತಿ ಉದ್ದದ ನದಿಯಾದ ತಾನಾಕ್ಕೆ. ರಸ್ತೆಯ ಮೇಲ್ಗಡೆ ಚಹಾ, ನಡುವೆ ಕಾಫಿ, ಕೆಳಗಡೆ ಜೋಳ, ಹುರುಳಿಕಾಯಿ, ಬಾಳೆ. ಹಿಡುವಳಿಗಳು ಚಿಕ್ಕವು, ಎರಡೋ ಮೂರೋ ಎಕರೆ. ಒಬ್ಬರ ಜಮೀನು ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಕಲ್ಲು ನೆಟ್ಟಿಲ್ಲ, ಮುಳ್ಳುತಂತಿಯೂ ಇಲ್ಲ. ಅಲ್ಲಿ ನಿಂತಿರುವುದು ಮರಗಳ ಸಾಲು. ಬದುವಿನುದ್ದಕ್ಕೂ ಒಂದೇ ಜಾತಿಯ ಮರ, ಸೈನಿಕರಂತೆ.

ಕೊಡಗಿನವರಿಗೋ ಚಿಕ್ಕಮಗಳೂರಿನವರಿಗೋ ಈ ಮರದ ಪರಿಚಯ ಮಾಡಿಕೊಡಬೇಕಾಗಿಲ್ಲ. ಜರೀಗಿಡದ ಗರಿಯಂಥ ಎಲೆ, ಎಲೆಯ ಬೆನ್ನಿಗೆ ಬೆಳ್ಳಿಯ ಬಣ್ಣ, ಋತುವಿನಲ್ಲಿ ಬಾಚಣಿಗೆಯಂಥ ಕಿತ್ತಳೆ ಹೂ. ಅದೇ ಸಿಲ್ವರ್ ಓಕ್! ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿಯನ್ನು ಮೈತುಂಬ ಹೊತ್ತು ನಿಲ್ಲುವ ಮರವೇ ಇಲ್ಲಿ ಬಳ್ಳಿಯ ಭಾರವಿಲ್ಲದೆ ಬದುವಿನ ಕಾವಲಿಗೆ ನಿಂತಿದೆ. ಇದರ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿ. 19ನೇ ಶತಮಾನದಲ್ಲಿ ನೆರಳಿಗೆಂದು ಭಾರತ, ಸಿಂಹಳಗಳ ತೋಟಗಳಿಗೆ ಬಂತು. ಪೂರ್ವ ಆಫ್ರಿಕಕ್ಕೂ ತೋಟದ ಧಣಿಗಳು ಅದೇ ಕೆಲಸಕ್ಕೆ ತಂದರು. ಮೊದಲು ಧಣಿಗಳ ತೋಟದಲ್ಲಿದ್ದ ಮರ ಕ್ರಮೇಣ ಸಣ್ಣ ರೈತರ ಬದುವಿಗೆ ಇಳಿಯಿತು. ಇಲ್ಲಿನವರು ಅದನ್ನು ಮುಕಿಮಾ ಎಂದು ಕರೆಯುತ್ತಾರೆ.

ರೈತರು ಈ ಮರವನ್ನು ಮೆಚ್ಚಿದ್ದಕ್ಕೆ ಕಾರಣಗಳಿವೆ. ನೀಲಗಿರಿಯ ಹಾಗೆ ಪಕ್ಕದ ಬೆಳೆಯನ್ನು ಸೊರಗಿಸುವ ಹಠ ಇದಕ್ಕೆ ಕಡಿಮೆ. ಬೇರು ಆಳಕ್ಕೆ ಹೋಗುತ್ತದೆ. ಜೊತೆಗೆ ಕುಂಚದಂತೆ ಗೊಂಚಲು ಗೊಂಚಲಾಗಿ ಹುಟ್ಟುವ ವಿಶೇಷ ಬೇರುಗಳಿವೆ. ಬಡ ಮಣ್ಣಿನಿಂದಲೂ ರಂಜಕವನ್ನು ಹೀರಿಕೊಳ್ಳುವ ಶಕ್ತಿ ಅವಕ್ಕಿದೆ. ಕೊಂಬೆ ಸವರಿದಷ್ಟೂ ಮತ್ತೆ ಚಿಗುರುತ್ತದೆ. ಕಾಫಿ ತೋಟದವರು ಮರಗಸಿ ಎನ್ನುವ ಕೆಲಸವನ್ನು ಇಲ್ಲಿ ಎರಡು-ಮೂರು ವರ್ಷಕ್ಕೊಮ್ಮೆ ಮಾಡುತ್ತಾರೆ. ಕೊಂಬೆ ಒಲೆಗೆ, ಸೊಪ್ಪು ನೆಲಕ್ಕೆ. ಸವರಿದ ಜಾಗದಲ್ಲೆಲ್ಲ ಗಿಣ್ಣು ಕಟ್ಟಿಕೊಂಡು ಕಾಂಡ ಮುದುಕರ ಬೆರಳಿನಂತೆ ಕಾಣುತ್ತದೆ. ಹದಿನೈದು-ಇಪ್ಪತ್ತು ವರ್ಷದಲ್ಲಿ ಮರ ಕೊಯ್ಯಲು ಬರುತ್ತದೆ. ಅಂದರೆ ಮಗು ಹುಟ್ಟಿದಾಗ ನೆಟ್ಟ ಸಸಿ ಆ ಮಗು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಹಣವಾಗಬೇಕು.

ಆದರೆ ಹಣವಾಗುವುದು ಎಷ್ಟು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಕೀನ್ಯಾದ ಕಾಡಿನ ಕಥೆಯನ್ನು ಸ್ವಲ್ಪ ಹೇಳಬೇಕು. ಆ ದೇಶಕ್ಕೆ ಬೇಕಾದ ಹಲಗೆ, ತೊಲೆಗಳೆಲ್ಲ ಒಂದು ಕಾಲಕ್ಕೆ ಸರ್ಕಾರಿ ನೆಡುತೋಪುಗಳಿಂದ ಬರುತ್ತಿದ್ದವು. ಕಾಡು ಕರಗುತ್ತಿದೆ ಎಂಬ ಕೂಗು ಜೋರಾಗಿ, 1999ರಲ್ಲಿ ಸರ್ಕಾರ ಕೆಲವೇ ದೊಡ್ಡ ಕಾರ್ಖಾನೆಗಳಿಗೆ ವಿನಾಯಿತಿ ಕೊಟ್ಟು ಉಳಿದವರಿಗೆಲ್ಲ ಅಲ್ಲಿ ಮರ ಕಡಿಯುವುದನ್ನು ನಿಷೇಧಿಸಿತು. ಆ ನಿಷೇಧ ಹತ್ತು ವರ್ಷಕ್ಕೂ ಮೀರಿ ನಡೆಯಿತು. 2018ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ತಡೆ ಬಂತು, 2023ರಲ್ಲಿ ಅದನ್ನು ತೆರವು ಮಾಡುವ ಘೋಷಣೆಯಾಯಿತು. ಈ ಬಾಗಿಲು ಮುಚ್ಚುವ, ತೆರೆಯುವ ಆಟದ ನಡುವೆಯೂ ಮನೆ ಕಟ್ಟುವುದೇನೂ ನಿಲ್ಲಲಿಲ್ಲ. ನೈರೋಬಿ ಬೆಳೆಯುತ್ತಲೇ ಇತ್ತು. ಸೆಂಟ್ರಿಂಗಿಗೆ ಹಲಗೆ ಬೇಕು, ಮಾಡಿಗೆ ರೀಪು-ಪಕಾಸಿ ಬೇಕು, ಮಂಚ-ಮೇಜಿಗೆ ಮರ ಬೇಕು. ವ್ಯಾಪಾರಿಯ ಕಣ್ಣು ಸಹಜವಾಗಿಯೇ ರೈತನ ಬದುವಿನ ಮೇಲೆ ಬಿತ್ತು. ಬದುವಿನಲ್ಲಿ ನೆರಳಿಗೂ ಸೌದೆಗೂ ಇದ್ದ ಮರ ದೇಶದ ನಾಟಾ ಆಯಿತು.

ದೊಡ್ಡ ಸಾಮಿಲ್ಲಿನ ಯಂತ್ರ ಈ ಎರಡೆಕರೆ ಜಮೀನಿಗೆ ಬರಲಾರದು. ಬಂದರೂ ಏಳೆಂಟು ಮರಕ್ಕಾಗಿ ಅದನ್ನು ಹೂಡುವುದು ನಷ್ಟದ ಬಾಬತ್ತು. ಆದ್ದರಿಂದ ಬರುವುದು ಚೈನ್‌ಸಾ, ಇಲ್ಲಿನವರ ಮಾತಿನಲ್ಲಿ 'ಪವರ್ ಸಾ'. ಹೆಗಲ ಮೇಲೆ ಯಂತ್ರ, ಕೈಯಲ್ಲಿ ಪೆಟ್ರೋಲಿನ ಡಬ್ಬಿ ಹಿಡಿದು ಒಬ್ಬ ಬರುತ್ತಾನೆ. ಮರ ಬೀಳಿಸುತ್ತಾನೆ, ತುಂಡು ಹಾಕುತ್ತಾನೆ, ಆ ತುಂಡನ್ನು ಅಲ್ಲೇ ನೆಲದ ಮೇಲೆ ಮಲಗಿಸಿ ಉದ್ದಕ್ಕೆ ಸೀಳಿ ಹಲಗೆ ಮಾಡುತ್ತಾನೆ. ಆಸರೆಗೆ ಚೌಕಟ್ಟಿಲ್ಲ, ಹಳಿಯಿಲ್ಲ. ದಾರ ಹೊಡೆದ ಗುರುತು, ಅವನ ಕಣ್ಣು, ಅವನ ಎರಡು ತೋಳು ಇಷ್ಟೇ. ಕೌಶಲವೇನೋ ಹೌದು. ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಿನಲ್ಲಿ ಹೆಸರು ಮಾಡಿದ ಫುಂಡಿಗಳಿದ್ದಾರೆ. ಫುಂಡಿ ಎಂದರೆ ಸ್ವಾಹಿಲಿಯಲ್ಲಿ ಕುಶಲಕರ್ಮಿ. ಬಡಗಿ, ಗಾರೆಯವ, ದರ್ಜಿ ಎಲ್ಲರೂ ಫುಂಡಿಗಳೇ. ಆದರೆ ಎಷ್ಟು ನುರಿತ ಕೈಯಾದರೂ ನಾಲ್ಕು ಮೀಟರ್ ಉದ್ದಕ್ಕೆ, ಅದುರುವ ಯಂತ್ರವನ್ನು ಹಿಡಿದು, ಬಗ್ಗಿದ ಬೆನ್ನಿನಲ್ಲಿ ನೇರವಾಗಿ ಕೊಯ್ಯುವುದು ಸುಲಭವಲ್ಲ. ಹಲಗೆ ಒಂದು ತುದಿಯಲ್ಲಿ ಒಂದೂಕಾಲು ಅಂಗುಲ ದಪ್ಪ, ನಡುವೆ ಮುಕ್ಕಾಲು ಅಂಗುಲ. ಬಡಗಿ ಉಜ್ಜುಗೊರಡು ಹಿಡಿದು ಅದನ್ನು ಮಟ್ಟ ಮಾಡುವಾಗ ಲೆಕ್ಕಕ್ಕೆ ಸಿಗುವುದು ಮುಕ್ಕಾಲು ಅಂಗುಲ ಮಾತ್ರ.

ಇಲ್ಲಿ ಸ್ವಲ್ಪ ಗಣಿತಕ್ಕೆ ಜಾಗ ಕೊಡಬೇಕು, ಓದುಗರು ಬೇಸರಿಸಬಾರದು. ಮರ ಗುಂಡಗಿದೆ, ಹಲಗೆ ಚೌಕ. ಒಂದು ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ಚೌಕದ ವಿಸ್ತೀರ್ಣ ಆ ವೃತ್ತದ ನೂರರಲ್ಲಿ 64 ಪಾಲು. ಹತ್ತನೇ ತರಗತಿಯ ಹುಡುಗನೂ ಇದನ್ನು ಲೆಕ್ಕ ಹಾಕಿ ತೋರಿಸಬಲ್ಲ. ಉಳಿದ 36 ಪಾಲು ತೊಗಟೆಯ ಕಡೆಯ ಹೊರಸೀಳು. ಅದರಲ್ಲಿ ಜಾಣನಾದವನು ಒಂದೆರಡು ರೀಪು ತೆಗೆದಾನು, ಮಿಕ್ಕಿದ್ದು ಸೌದೆ. ಈಗ ಆ 64 ಪಾಲನ್ನು ಹಲಗೆ ಮಾಡಬೇಕು. ಗರಗಸ ಹಾದುಹೋದ ದಾರಿಯಲ್ಲಿದ್ದ ಮರವೆಲ್ಲ ಹುಡಿ. ಚೈನ್‌ಸಾ ತಿನ್ನುವ ದಾರಿ ಸುಮಾರು 10 ಮಿಲಿಮೀಟರ್. 25 ಮಿಲಿಮೀಟರ್, ಅಂದರೆ ಒಂದು ಅಂಗುಲದ ಒಂದೊಂದು ಹಲಗೆಗೂ 10 ಮಿಲಿಮೀಟರ್ ದಂಡ! ಮೂವತ್ತೈದರಲ್ಲಿ ಹತ್ತು ಹೋದರೆ 64 ಪಾಲು 46ಕ್ಕೆ ಇಳಿಯಿತು. ಅಲೆಅಲೆಯಾದ ಕೊಯ್ತ, ಡೊಂಕು ಮರ, ತುದಿಯ ಬಿರುಕು, ಗಿಣ್ಣು ಇವನ್ನೆಲ್ಲ ಕಳೆದರೆ ಬರಿಗೈ ಕೊಯ್ತದಲ್ಲಿ ಮರದ ಮೂರರಲ್ಲೊಂದು ಪಾಲು ಹಲಗೆಯಾಗಿ ಕೈಗೆ ಬಂದರೆ ಪುಣ್ಯ. ಇಪ್ಪತ್ತು ವರ್ಷದ ಬೆಳೆಯ ಮುಖ್ಯ ಪಾಲು ಕೊನೆಯ ಎರಡು ಗಂಟೆಯಲ್ಲಿ ಮಣ್ಣುಪಾಲು.

ಹಾಗಾದರೆ ಚೈನ್‌ಸಾ ಬಿಟ್ಟು ಬೇರೆ ಯಂತ್ರ ತರಬಾರದೇ ಎಂದು ಕೇಳಬಹುದು. ಪಟ್ಟಿಗರಗಸ ಮೂರೇ ಮಿಲಿಮೀಟರ್ ತಿನ್ನುತ್ತದೆ, ನಿಜ. ಆದರೆ ಅದರ ಬೆಲೆ ಹಳ್ಳಿಯ ಫುಂಡಿಗೆ ಎಟುಕುವುದಲ್ಲ. ಆ ಯಂತ್ರವನ್ನು ಹೊಳೆಕಣಿವೆಯ ಕಾಲುದಾರಿಯಲ್ಲಿ ಹೊತ್ತು ತರುವವರು ಯಾರು? ಹಿಂದಿನ ಕೈಗರಗಸವೂ ಹೆಚ್ಚು ಮರ ತಿನ್ನುತ್ತಿರಲಿಲ್ಲ. ನೆಲದಲ್ಲಿ ಗುಂಡಿ ತೋಡಿ ಅಥವಾ ಅಟ್ಟಣೆ ಕಟ್ಟಿ, ತುಂಡಿನ ಮೇಲೊಬ್ಬ, ಕೆಳಗೊಬ್ಬ ನಿಂತು ಎಳೆಯುವ ಆ ಉದ್ದನೆಯ ಗರಗಸವನ್ನು ಮಲೆನಾಡಿನ ಹಿರಿಯರು ಕಂಡಿದ್ದಾರೆ. ಕೆಳಗಿನವನ ಕಣ್ಣಿಗೆಲ್ಲ ಹುಡಿ. ಕೀನ್ಯಾದಲ್ಲೂ ಅದೇ ಪದ್ಧತಿಯಿತ್ತು. ಆದರೆ ದಿನವಿಡೀ ದುಡಿದರೂ ಕೆಲವೇ ಹಲಗೆ. ಆ ಕೆಲಸಕ್ಕೆ ಇಂದಿನ ಹುಡುಗರನ್ನು ಕರೆದರೆ ಯಾರು ಬರುತ್ತಾರೆ? ಉಳಿದದ್ದು ಒಂದೇ ದಾರಿ. ಯಂತ್ರ ಅದೇ ಇರಲಿ, ಹಿಡಿಯುವ ಕೈಗೆ ಪಾಠ ಸಿಗಲಿ.

ಆ ಪಾಠ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯಿತು. 1978ರಲ್ಲಿ ಸ್ಥಾಪನೆಯಾಗಿ ನೈರೋಬಿಯಲ್ಲೇ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಕೃಷಿ ಅರಣ್ಯ ಸಂಶೋಧನಾ ಸಂಸ್ಥೆ 'ಇಕ್ರಾಫ್' ಮತ್ತು 1986ರಲ್ಲಿ ಹುಟ್ಟಿದ ಕೀನ್ಯಾ ಅರಣ್ಯ ಸಂಶೋಧನಾ ಸಂಸ್ಥೆ 'ಕೆಫ್ರಿ' ಇವೆರಡೂ ಮೊದಲು ಒತ್ತು ಕೊಟ್ಟಿದ್ದು ಮರ ನೆಡುವುದಕ್ಕೆ. ನೆಟ್ಟ ಮರ ಬೆಳೆದು ನಿಂತಾಗ, ಅದನ್ನು ಕೊಯ್ಯುವವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ಹೊಳೆಯಿತು. 2000ದ ದಶಕದಲ್ಲಿ ಫುಂಡಿಗಳನ್ನು ಗುಂಪು ಸೇರಿಸಿ ಜಮೀನಿನಲ್ಲೇ ಕಲಿಸುವ ಪ್ರಯತ್ನಗಳು ನಡೆದವು. ಚೈನ್‌ಸಾದಿಂದ ಹಲಗೆ ಕೊಯ್ಯುವ ಬಗೆಯನ್ನು ಚಿತ್ರಸಹಿತ ವಿವರಿಸುವ ತಾಂತ್ರಿಕ ಕೈಪಿಡಿಯೊಂದು 2006ರಲ್ಲಿ ಹೊರಬಂತು.

ಈ ತರಬೇತಿ ನಡೆಯುವ ಜಾಗ ನೋಡಲು ಶಾಲೆಯಂತೇನೂ ಇಲ್ಲ. ಯಾರದೋ 'ಶಾಂಬಾ', ಎಂದರೆ ಹೊಲ. ಕಾಫಿ ಗಿಡಗಳ ಪಕ್ಕ ಬಿದ್ದ ಒಂದು ಮುಕಿಮಾ. ಸುತ್ತ ಹತ್ತು-ಹನ್ನೆರಡು ಫುಂಡಿಗಳು, ನೋಡಲು ಬಂದ ನೆರೆಹೊರೆಯವರು, ಬೇಲಿಯಾಚೆ ಮಕ್ಕಳು. ಹತ್ತು ವರ್ಷದಿಂದ ಮರ ಕೊಯ್ಯುತ್ತಿರುವವನಿಗೆ ಮರ ಕೊಯ್ಯುವುದನ್ನು ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಅವನ ಮುಖದಲ್ಲಿ ಆ ನಗು ಇದ್ದೇ ಇರುತ್ತದೆ. ಅದಕ್ಕೇ ಜಾಣ ತರಬೇತುದಾರ ಮಾತಿನಿಂದ ಶುರುಮಾಡುವುದಿಲ್ಲ, ಅರದಿಂದ ಶುರುಮಾಡುತ್ತಾನೆ.

ಸರಪಳಿಯ ಹಲ್ಲು ಮಸೆಯುವುದೇ ಮೊದಲ ಪಾಠ. ಅಂಗಡಿಯಲ್ಲಿ ಸಿಗುವ ಸರಪಳಿ ಮರವನ್ನು ಅಡ್ಡಕ್ಕೆ ತುಂಡರಿಸಲು ಮಾಡಿದ್ದು. ಅದರ ಹಲ್ಲಿನ ಓರೆ ಸುಮಾರು 30 ಡಿಗ್ರಿ. ಉದ್ದಕ್ಕೆ ಸೀಳುವಾಗ ನಾರಿನ ಜೊತೆಗಿನ ಸಂಬಂಧವೇ ಬೇರೆ. ಬಿದಿರನ್ನು ಅಡ್ಡಕ್ಕೆ ಕಡಿಯುವುದಕ್ಕೂ ಉದ್ದಕ್ಕೆ ಸೀಳುವುದಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಸೀಳುವ ಸರಪಳಿಗೆ 10 ಡಿಗ್ರಿ ಓರೆ ಸಾಕು, ಹಲ್ಲು ಚಾಕುವಿನಂತಿರದೆ ಉಳಿಯಂತಿರಬೇಕು. ಹಳೆಯ ಬಡಗಿಗಳು ಎರಡು ಕೆಲಸಕ್ಕೆ ಎರಡು ಗರಗಸ ಇಟ್ಟುಕೊಂಡಿರುತ್ತಿದ್ದುದು ಸುಮ್ಮನೆ ಅಲ್ಲ. ಇನ್ನೊಂದು ವಿಷಯ: ಒಂದು ಬದಿಯ ಹಲ್ಲುಗಳು ಉದ್ದ, ಇನ್ನೊಂದು ಬದಿಯವು ಗಿಡ್ಡ ಆದರೆ ಗರಗಸ ತಾನಾಗಿಯೇ ಒಂದು ಕಡೆಗೆ ಎಳೆಯುತ್ತದೆ. ಫುಂಡಿ ತನ್ನ ಕೈ ಸರಿಯಿಲ್ಲವೆಂದು ಅದುವರೆಗೆ ತಿಳಿದಿದ್ದ. ತಪ್ಪು ಕೈಯದಲ್ಲ, ಅರದ್ದು! ಮಸೆದ ಸರಪಳಿಯಿಂದ ಕೊಯ್ದಾಗ ಕಾಲ ಬುಡದಲ್ಲಿ ಬೀಳುವುದು ಹಿಟ್ಟಿನಂಥ ಹುಡಿಯಲ್ಲ, ಸಣ್ಣ ಚಕ್ಕೆ. ಫುಂಡಿ ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ಮುಖದ ನಗು ಆಗ ಕಡಿಮೆಯಾಗುತ್ತದೆ.

ಎರಡನೆಯದು ಚೌಕಟ್ಟು. ಗರಗಸದ ಅಲಗಿಗೆ ಕಚ್ಚಿಸುವ ಒಂದು ಕಬ್ಬಿಣದ ಚೌಕಟ್ಟು. ಮೊದಲ ಕೊಯ್ತಕ್ಕೆ ತುಂಡಿನ ಮೇಲೆ ನೇರವಾದ ಹಲಗೆಯನ್ನೋ ಏಣಿಯನ್ನೋ ಮೊಳೆ ಹೊಡೆದು ಕೂರಿಸುತ್ತಾರೆ. ಚೌಕಟ್ಟು ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಒಮ್ಮೆ ಮಟ್ಟಸವಾದ ಮುಖ ಸಿಕ್ಕಿತೆಂದರೆ ಮುಂದಿನ ಕೊಯ್ತಗಳಿಗೆ ಆ ಮುಖವೇ ಹಳಿ. ದಪ್ಪವನ್ನು ತಿರುಪಿನಲ್ಲಿ ನಿಗದಿ ಮಾಡಿದರೆ ಆಯಿತು, ಒಂದು ಅಂಗುಲ ಎಂದರೆ ಆರಂಭದಿಂದ ಕೊನೆಯವರೆಗೂ ಒಂದು ಅಂಗುಲವೇ. ಈ ಸಾಧನದಲ್ಲಿ ರಹಸ್ಯವೇನೂ ಇಲ್ಲ. ಪಟ್ಟಣದ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಪೈಪು, ಬೋಲ್ಟುಗಳಿಂದ ಮಾಡಿಸಬಹುದು. ಬಯಲಿನಲ್ಲೇ ಕುಳಿತು ಇಂಥದನ್ನೆಲ್ಲ ಮಾಡಿಕೊಡುವ ಕಮ್ಮಾರರನ್ನು ಕೀನ್ಯಾದಲ್ಲಿ 'ಜುವಾ ಕಾಲಿ' ಎನ್ನುತ್ತಾರೆ. ಹಾಗೆಂದರೆ 'ಸುಡುಬಿಸಿಲು' ಎಂದು ಅರ್ಥ. ತಲೆಯ ಮೇಲೆ ಮಾಡಿಲ್ಲದೆ ದುಡಿಯುವವರು ಎಂಬ ಭಾವ.

ಚೌಕಟ್ಟು ಬಂದರೂ ಗರಗಸ ತಿನ್ನುವ 10 ಮಿಲಿಮೀಟರ್ ತಪ್ಪುವುದಿಲ್ಲ. ತಪ್ಪುವುದು ಅಲೆಅಲೆಯಾದ ಕೊಯ್ತದ ನಷ್ಟ. ಆದರೆ ಅದಕ್ಕಿಂತ ಹೆಚ್ಚು ಮರ ಉಳಿಯುವುದು ಗರಗಸ ಚಾಲೂ ಮಾಡುವುದಕ್ಕೆ ಮೊದಲೇ. ಡೊಂಕಿರುವ ಕಾಂಡವನ್ನು ಎಲ್ಲಿ ತುಂಡು ಹಾಕಬೇಕು ಎಂದು ಐದು ನಿಮಿಷ ನಿಂತು ನೋಡುವುದೇ ಮುಖ್ಯ. ಡೊಂಕಿನ ಜಾಗದಲ್ಲೇ ಕತ್ತರಿಸಿದರೆ ಎರಡು ನೇರ ತುಂಡು ಸಿಗುತ್ತದೆ. ಉದ್ದ ಹಲಗೆಯ ಆಸೆಗೆ ಹಾಗೇ ಬಿಟ್ಟರೆ ಹೊರಸೀಳಿನಲ್ಲೇ ಅರ್ಧ ಮರ ಹೋಗುತ್ತದೆ. ಬಡಗಿಗೆ ಬೇಕಾದದ್ದು ಎಷ್ಟು ಉದ್ದ, ಎಷ್ಟು ಅಗಲ ಎಂದು ಮೊದಲೇ ಕೇಳಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಮರ ಬೀಳಿಸುವುದೂ ಒಂದು ಪಾಠವೇ. ಬೀಳಬೇಕಾದ ಕಡೆಗೆ ಬಾಯಿ ತೆಗೆಯುವುದು, ಹಿಂದಿನಿಂದ ಕೊಯ್ಯುವಾಗ ಮರದ ಅಡ್ಡಳತೆಯ ಹತ್ತರಲ್ಲೊಂದು ಪಾಲನ್ನು ಬಾಗಿಲ ತಿರುಗಣೆಯಂತೆ ಉಳಿಸಿಕೊಳ್ಳುವುದು. ಈ ತಿರುಗಣೆಯೇ ಮರವನ್ನು ದಾರಿಯಲ್ಲಿ ಹಿಡಿದಿಡುತ್ತದೆ. ಅದನ್ನು ಕತ್ತರಿಸಿಬಿಟ್ಟರೆ ಮರ ತನಗೆ ತೋಚಿದತ್ತ ಬೀಳುತ್ತದೆ, ಪಕ್ಕದವರ ಕಾಫಿಯ ಮೇಲೆ, ಇಲ್ಲವೇ ಮನೆಯ ತಗಡಿನ ಮೇಲೆ. ಬದುವಿನ ಮರವಾದ್ದರಿಂದ ಜಗಳಕ್ಕೆ ಜಾಗ ಸಿದ್ಧವಾಗಿಯೇ ಇರುತ್ತದೆ.

ಜೀವದ ಮಾತನ್ನು ಕೊನೆಗಿಡಬಾರದು, ಆದರೆ ತರಬೇತಿಗೆ ಬರುವವರು ಅತಿ ಕಡಿಮೆ ಕಿವಿಗೊಡುವುದು ಇದಕ್ಕೇ. ಸರಪಳಿ ಓಡುವ ವೇಗ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 70 ಕಿ.ಮೀ. ಅಲಗಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದತ್ತ ಒದೆಯುತ್ತದೆ. ಕಾಲಿಗೆ ಬೂಟು, ತೊಡೆಗೆ ಗರಗಸ ತಡೆಯುವ ನಾರಿನ ಪದರದ ಪ್ಯಾಂಟು, ಕಿವಿಗೆ ಮುಚ್ಚಳ, ಕಣ್ಣಿಗೆ ಜಾಲರಿ ಇವೆಲ್ಲ ಪುಸ್ತಕದಲ್ಲಿವೆ. ಫುಂಡಿಯ ಕಾಲಲ್ಲಿ ಸಾಮಾನ್ಯವಾಗಿ ಕಾಣುವುದು ಟಯರಿನ ಚಪ್ಪಲಿ. ಆ ಪ್ಯಾಂಟಿನ ಬೆಲೆ ಕೇಳಿದರೆ ಅವನೇ ಏಕೆ, ಸಂಬಳದವರೂ ಹಿಂದೆಮುಂದೆ ನೋಡುತ್ತಾರೆ. ಜೊತೆಗೆ ಸಿಲ್ವರ್ ಓಕಿನದೇ ಒಂದು ತಂಟೆಯಿದೆ. ಗೇರಿನ ಸೊನೆಯಲ್ಲಿರುವಂಥ, ಚರ್ಮ ಸುಡುವ ರಾಸಾಯನಿಕದ ಸೋದರ ಸಂಬಂಧಿಯೊಂದು ಈ ಮರದಲ್ಲೂ ಇದೆ. ಕೆಲವರಿಗೆ ಹುಡಿ ತಾಗಿದರೆ ಮೈಯೆಲ್ಲ ಗುಳ್ಳೆ, ತುರಿಕೆ.

ಕೊಯ್ದ ಹಲಗೆಯನ್ನು ಒಣಗಿಸುವುದನ್ನು ಮಾತ್ರ ಎಲ್ಲರೂ ಬೇಗ ಒಪ್ಪುತ್ತಾರೆ, ಖರ್ಚಿಲ್ಲವಲ್ಲ. ಹಸಿ ಹಲಗೆಯನ್ನು ಬಿಸಿಲಿಗೆ ಚೆಲ್ಲಿದರೆ ದೋಣಿಯಂತೆ ಬಾಗುತ್ತದೆ. ಮರ ಒಣಗುವಾಗ ವರ್ಷದುಂಗುರದ ಗುಂಟ ಕುಗ್ಗುವಷ್ಟು ತಿರುಳಿನಿಂದ ತೊಗಟೆಯತ್ತ ಕುಗ್ಗುವುದಿಲ್ಲ. ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು. ಈ ಅಸಮವೇ ಬಾಗುವಿಕೆಗೆ ಮೂಲ. ಆದ್ದರಿಂದ ನೆರಳಿನಲ್ಲಿ, ನೆಲದಿಂದ ಮೇಲೆ, ಹಲಗೆ ಹಲಗೆಯ ನಡುವೆ ಅಂಗುಲ ದಪ್ಪದ ರೀಪುಗಳನ್ನು ಅರ್ಧ ಮೀಟರಿಗೊಂದರಂತೆ ಒಂದರ ಮೇಲೊಂದು ನೇರಕ್ಕೆ ಬರುವ ಹಾಗಿಟ್ಟು ಪೇರಿಸಬೇಕು. ಮೇಲೆ ಕಲ್ಲಿನ ಭಾರ, ಹಲಗೆಯ ತುದಿಗಳಿಗೆ ಹಳೆಯ ಬಣ್ಣದ ಲೇಪ. ಇಷ್ಟು ಮಾಡಿ ಕೆಲವು ತಿಂಗಳು ತಡೆದರೆ ಸೆಂಟ್ರಿಂಗಿಗೆ ಹೋಗುವ ಹಲಗೆ ಪೀಠೋಪಕರಣಕ್ಕೆ ಲಾಯಕ್ಕಾಗುತ್ತದೆ. ಓಕ್ ಮರವನ್ನು ಹೋಲುವ ಹೊಳಪಿನ ಗೆರೆಗಳು ಆಗ ಎದ್ದು ಕಾಣುತ್ತವೆ.

ಆದರೆ ಕೆಲವು ತಿಂಗಳು ತಡೆಯುವವರು ಯಾರು? ಇಲ್ಲಿಯೇ ಈ ಕಥೆಯ ಕಷ್ಟದ ಭಾಗವಿರುವುದು. ಕೀನ್ಯಾದಲ್ಲಿ ಶಾಲಾ ವರ್ಷ ಆರಂಭವಾಗುವುದು ಜನವರಿಯಲ್ಲಿ. ಮಗನೋ ಮಗಳೋ ವಸತಿ ಪ್ರೌಢಶಾಲೆಗೆ ಸೇರಬೇಕು, ಶುಲ್ಕ ಕಟ್ಟಬೇಕು. ಕಾಫಿಯ ಹಣ ಕೈಸೇರಿಲ್ಲ. ಮಳೆಯೂ ಬಿಟ್ಟಿದೆ, ಮರ ಕಡಿಯಲು ಹದ. ವ್ಯಾಪಾರಿಗೂ ಇದೆಲ್ಲ ಗೊತ್ತು. ಬದುವಿನ ಗುಂಟ ನಡೆದು, ಮರವನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ, ನಿಂತ ಮರಕ್ಕೇ ಒಂದು ಬೆಲೆ ಹೇಳುತ್ತಾನೆ. ಅಳತೆಯಿಲ್ಲ, ತೂಕವಿಲ್ಲ. ಅದೇ ಮರದ ಹಲಗೆಯನ್ನು ಪೇಟೆಯಲ್ಲಿ ಅವನು ಮಾರುವುದು ಅಡಿ ಲೆಕ್ಕದಲ್ಲಿ! ಕೊಳ್ಳುವಾಗ ಕಣ್ಣಳತೆ, ಮಾರುವಾಗ ಅಡಿಪಟ್ಟಿ. ಮರಕ್ಕೆ ಹಗ್ಗ ಸುತ್ತಿ ಸುತ್ತಳತೆ ತೆಗೆದು, ಅದರಿಂದ ಸುಮಾರು ಎಷ್ಟು ಅಡಿ ಹಲಗೆ ಬಂದೀತು ಎಂದು ಅಂದಾಜಿಸುವುದನ್ನು ಫುಂಡಿಗಿಂತ ಮೊದಲು ರೈತನಿಗೆ, ಮನೆಯ ಹೆಣ್ಣುಮಕ್ಕಳಿಗೆ ಕಲಿಸಬೇಕು. ಇದಕ್ಕೆ ಯಂತ್ರವೂ ಬೇಡ, ಚೌಕಟ್ಟೂ ಬೇಡ. ಒಂದು ಹಗ್ಗ ಸಾಕು.

ಫುಂಡಿಯ ಕಡೆಯಿಂದಲೂ ನೋಡಬೇಕು. ಹಲವು ಕಡೆ ಯಂತ್ರ ಅವನದಲ್ಲ, ಬಾಡಿಗೆಯದು. ಅವನಿಗೆ ಕೂಲಿ ಸಿಗುವುದು ದಿನಕ್ಕೆ ಎಷ್ಟು ಅಡಿ ಕೊಯ್ದ ಎಂಬುದರ ಮೇಲೆ. ಹುಡಿ ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ. ಚೌಕಟ್ಟು ಕೂರಿಸಲು ಅರ್ಧ ಗಂಟೆ, ಸರಪಳಿ ಮಸೆಯಲು ಹತ್ತು ನಿಮಿಷ, ತುಂಡನ್ನು ನಿಂತು ನೋಡಲು ಐದು ನಿಮಿಷ ಇದೆಲ್ಲ ಅವನ ಹೊಟ್ಟೆಯ ಮೇಲೆ ಬೀಳುವ ಹೊತ್ತು. 'ಹರಾಕಾ ಹರಾಕಾ ಹೈನಾ ಬರಾಕಾ', ಅವಸರಕ್ಕೆ ಬರಕತ್ತಿಲ್ಲ ಎಂದು ಸ್ವಾಹಿಲಿ ಗಾದೆಯೇನೋ ಇದೆ. ಆದರೆ ಅವಸರಕ್ಕೇ ಕೂಲಿ ಕೊಡುವವರು ಗಾದೆ ಹೇಳಿ ಏನು ಫಲ? ಉಳಿದ ಮರದಲ್ಲಿ ಫುಂಡಿಗೂ ಒಂದು ಪಾಲು ಸಿಗುವಂತೆ ಕೂಲಿಯನ್ನು ಬದಲಿಸದಿದ್ದರೆ ತರಬೇತಿಯ ಚೌಕಟ್ಟು ಅಟ್ಟ ಸೇರುವುದು ಖಂಡಿತ.

ದೇಶದ ಇನ್ನೊಂದು ಮೂಲೆಯ ಸಂಗತಿಯನ್ನೂ ಇಲ್ಲಿ ಹೇಳಬಹುದು. ರಿಫ್ಟ್ ಕಣಿವೆಯ ಬರಿಂಗೊ ಸರೋವರದ ಸುತ್ತ 1980ರ ದಶಕದಲ್ಲಿ ಸೌದೆಗೆಂದು ಒಂದು ಮುಳ್ಳುಮರ ನೆಟ್ಟರು. ಅದು ಬೇರಾವುದೂ ಅಲ್ಲ, ಬಯಲುಸೀಮೆಯವರು ಬಲ್ಲ ಬಳ್ಳಾರಿ ಜಾಲಿ! ಹುಲ್ಲುಗಾವಲನ್ನೆಲ್ಲ ನುಂಗಿತು. ಅದರ ಸಿಹಿ ಕಾಯಿ ತಿಂದು ಮೇಕೆಗಳ ಹಲ್ಲು ಉದುರಿದವು. ಅಲ್ಲಿನ ಜನ 2006ರಲ್ಲಿ ಸರ್ಕಾರದ ಮೇಲೆ ದಾವೆ ಹೂಡಿ, ಹಲ್ಲಿಲ್ಲದ ಮೇಕೆಯೊಂದನ್ನೇ ನೈರೋಬಿಯ ನ್ಯಾಯಾಲಯಕ್ಕೆ ಸಾಕ್ಷಿಯಾಗಿ ತಂದರು. ಆ ಡೊಂಕು ಮರದಿಂದಲೂ ಚೈನ್‌ಸಾ ಚೌಕಟ್ಟಿನಲ್ಲಿ ಸಣ್ಣ ಹಲಗೆ ತೆಗೆಯುವುದನ್ನು ಕಲಿಸಲಾಯಿತು. ಜಾಲಿಯ ಚೇಗು ಗಟ್ಟಿ, ಬಣ್ಣ ಚೆಲುವು. ಸುಡುವುದಕ್ಕಷ್ಟೇ ಲಾಯಕ್ಕು ಎಂದುಕೊಂಡದ್ದು ಕುರ್ಚಿಯಾಗಬಲ್ಲದು. ಬಳ್ಳಾರಿ, ರಾಯಚೂರು ಕಡೆಯ ಹೊಲಗಳಲ್ಲಿ ಇದ್ದಿಲಿಗೆ ಹೋಗುವ ಜಾಲಿಯನ್ನು ಕಂಡವರು ಇದನ್ನು ಯೋಚಿಸಬಹುದು.

ಸಿಲ್ವರ್ ಓಕಿನ ವಿಷಯದಲ್ಲಂತೂ ಕರ್ನಾಟಕಕ್ಕೆ ಎಂಬು ದೂರವಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆ ಈ ಮರಕ್ಕೆ ಕಡಿಯುವ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಬೆಳೆಗಾರ ಬೇಕೆಂದಾಗ ಕಡಿಯಬಹುದು. ಆದರೂ ಕೊಡಗು, ಸಕಲೇಶಪುರ, ಮೂಡಿಗೆರೆಗಳಲ್ಲಿ ನಿಂತ ಮರಕ್ಕೇ ಬೆಲೆ ಕಟ್ಟಿ ಒಯ್ಯುವ ವ್ಯಾಪಾರವೇನೂ ಅಪರೂಪವಲ್ಲ.

ಎಂಬುವಿನ ತಪ್ಪಲಿನಲ್ಲಿ ಸಂಜೆ ಬೇಗ ತಣ್ಣಗಾಗುತ್ತದೆ. ತರಬೇತಿಯ ಗರಗಸ ನಿಂತ ಮೇಲೆ ಕಿವಿಯಲ್ಲಿ ಇನ್ನೂ ಅದರ ಮೊರೆತ ಉಳಿದಿರುತ್ತದೆ. ಹಲಗೆಗಳನ್ನು ಕೊಟ್ಟಿಗೆಯ ಮಾಡಿನ ಕೆಳಗೆ ರೀಪು ಕೊಟ್ಟು ಪೇರಿಸುತ್ತಾರೆ. ಹೊರಸೀಳುಗಳನ್ನು ಮಕ್ಕಳು ಅಡುಗೆಮನೆಯತ್ತ ಹೊರುತ್ತಾರೆ. ಮನೆಯೊಡತಿ ಗೋಣಿಚೀಲ ತಂದು ಮರದ ಹೊಟ್ಟನ್ನು ಗೋರಿ ತುಂಬುತ್ತಾಳೆ. ಹಸುವಿನ ಕಾಲಡಿಗೆ ಹಾಸಲು ಅದು ಬೇಕು. ಬರಿಗೈಯಲ್ಲಿ ಕೊಯ್ದ ದಿನ ತುಂಬುವಷ್ಟು ಚೀಲಗಳು ಅಂದು ತುಂಬುವುದಿಲ್ಲ.